ಅಂಚು ಕಡಿಮೆಯಾದರೆ ಕೆಲಸ ಕಡಿಮೆ

ಮಾನ್ಯ ಓದುಗರೇ,

ನಿಮ್ಮ ಪತ್ರದ ಸಾರಾಂಶ ಇಷ್ಟು: 60 ಅಡಿ ಉದ್ದ, 50 ಅಡಿ ಅಗಲದ ಖಾಲಿ ಜಾಗವಿದೆ. ಕಾಯಿಲೆಯಿಂದ ಚೇತರಿಸಿಕೊಳ್ಳುತ್ತಿರುವವರು ಬಂದು ಕೂರುವಂಥ, ಬೇಕಾದವರು ಧ್ಯಾನ ಮಾಡುವಂಥ ತೋಟ ಅಲ್ಲಿ ಆಗಬೇಕು. ಮಾಲಿಯನ್ನು ಇಟ್ಟುಕೊಳ್ಳುವ ಶಕ್ತಿಯಿಲ್ಲ, ಎಂಟು ಜನ ಸ್ವಯಂಸೇವಕರಿದ್ದಾರೆ. ಹುಲ್ಲುಹಾಸು, ನಡೆದು ಧ್ಯಾನಿಸಲು ಏಳು ಸುತ್ತಿನ ಕಲ್ಲಿನ ಚಕ್ರವ್ಯೂಹ, ಕೊಳ, ನಲವತ್ತು ಬಗೆಯ ಔಷಧಿ ಗಿಡಗಳಿಗೆ ಸಣ್ಣ ಸಣ್ಣ ಪಾತಿಗಳು ಬೇಕೆಂದಿದ್ದೀರಿ. ಕಡಿಮೆ ನಿರ್ವಹಣೆಯಲ್ಲಿ ಇದು ಸಾಧ್ಯವೇ ಎಂದು ಕೇಳಿದ್ದೀರಿ.

ಈ ಪಟ್ಟಿ ಇಟ್ಟುಕೊಂಡರೆ ಸಾಧ್ಯವಿಲ್ಲ. ಜಾಗ ಹಾಗೇ ಇರಲಿ, ಪಟ್ಟಿ ಬದಲಾಯಿಸಿ.

ತೋಟದ ದುಡಿಮೆ ಹೆಚ್ಚಾಗಿ ಅಡಗಿರುವುದು ಅಂಚುಗಳಲ್ಲಿ. ಹಾದಿ ಪಾತಿಯನ್ನು, ಹುಲ್ಲು ಕಲ್ಲನ್ನು ಮುಟ್ಟುವ ಗೆರೆಯಲ್ಲೇ ಕಳೆ ನುಗ್ಗುತ್ತದೆ, ಮಣ್ಣು ಜಾರುತ್ತದೆ. ಲೆಕ್ಕ ಹಾಕಿ ನೋಡಿ. 20 ಅಡಿ ಚೌಕದ ಒಂದೇ ಪಾತಿಗೆ 80 ಅಡಿ ಅಂಚು. ಅಷ್ಟೇ ಜಾಗವನ್ನು 5 ಅಡಿ ಚೌಕದ 16 ಪಾತಿಗಳಾಗಿ ಒಡೆದರೆ 320 ಅಡಿ. ಗಿಡಗಳ ಸಂಖ್ಯೆ ಒಂದೇ, ಅಂಚಿನ ಕೆಲಸ ನಾಲ್ಕು ಪಟ್ಟು. ಇನ್ನು ಚಕ್ರವ್ಯೂಹ: 2 ಅಡಿ ಅಗಲದ ದಾರಿಯಲ್ಲಿ ಏಳು ಸುತ್ತು ಎಂದರೆ ವ್ಯಾಸ 30 ಅಡಿ ದಾಟುತ್ತದೆ, ಕಲ್ಲಿನ ಸಾಲು ಸುಮಾರು 350 ಅಡಿ. ಪ್ರತಿ ಕಲ್ಲಿನ ಬುಡದಲ್ಲೂ ಕೈಯಿಂದಲೇ ಕಳೆ ಕೀಳಬೇಕು, ಅಲ್ಲಿ ಯಾವ ಯಂತ್ರವೂ ಓಡುವುದಿಲ್ಲ. ನಡೆದು ಧ್ಯಾನಿಸುವವರಿಗೆ ದೊಡ್ಡದೊಂದು ಪಾತಿಯನ್ನು ಸುತ್ತಿಬರುವ ಒಂದೇ ಹಾದಿ ಸಾಕು. ಸುತ್ತೇ ಬೇಕೆಂದರೆ ಗಟ್ಟಿ ನೆಲದ ಮೇಲೆ ಬಣ್ಣದಲ್ಲಿ ಗೆರೆ ಎಳೆಯಿರಿ.

ಹುಲ್ಲುಹಾಸು ಬಿಟ್ಟುಬಿಡಿ. ಚಿಗುರುವ ಕಾಲದಲ್ಲಿ ವಾರಕ್ಕೊಮ್ಮೆ ಕತ್ತರಿಸಬೇಕಾದ ಹಾಸು ಎಂಟು ಜನರ ಉತ್ಸಾಹವನ್ನು ಒಂದೇ ಋತುವಿನಲ್ಲಿ ತಿಂದುಹಾಕುತ್ತದೆ. ಅಂದಹಾಗೆ, ಈ ಎಂಟು ಜನರಲ್ಲಿ ಮೂರನೇ ವರ್ಷಕ್ಕೆ ಮೂವರು ಉಳಿಯುತ್ತಾರೆ ಎಂದುಕೊಂಡೇ ಯೋಜನೆ ಮಾಡಿ. ಕೊಳವೂ ಬೇಡ. ಬೆಚ್ಚಗಿನ ಹವೆಯಲ್ಲಿ ಸೊಳ್ಳೆಯ ಮೊಟ್ಟೆ ವಾರ ಹತ್ತು ದಿನದೊಳಗೆ ರೆಕ್ಕೆ ಬಲಿತ ಸೊಳ್ಳೆಯಾಗುತ್ತದೆ, ಪಂಪು ಕೆಟ್ಟ ವಾರವೇ ತೊಂದರೆ ಶುರು. ಎರಡು ಇಂಚು ಆಳದ ಅಗಲವಾದ ಕಲ್ಲಿನ ಬಟ್ಟಲಿಟ್ಟು, ವಾರಕ್ಕೆರಡು ಸಲ ಚೆಲ್ಲಿ ತುಂಬಿಸಿ. ಹಕ್ಕಿಗಳಿಗೂ ಅಷ್ಟು ನೀರೇ ಅನುಕೂಲ.

ನಲವತ್ತು ಬಗೆಯ ಔಷಧಿ ಗಿಡಗಳಿದ್ದರೆ ಗುಣ ಬೇಗ ಎಂಬುದು ನಿಮ್ಮ ಅಭಿಪ್ರಾಯ. 1984ರಲ್ಲಿ ಅಮೆರಿಕದ ಸಂಶೋಧಕ ರೋಜರ್ ಉಲ್ರಿಚ್ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನ ನೋಡಿ. ಪಿತ್ತಕೋಶದ ಶಸ್ತ್ರಚಿಕಿತ್ಸೆಯಾದ 46 ರೋಗಿಗಳಲ್ಲಿ ಅರ್ಧ ಜನರ ಕಿಟಕಿಯಾಚೆ ಮರಗಳಿದ್ದವು, ಉಳಿದವರದರಾಚೆ ಇಟ್ಟಿಗೆ ಗೋಡೆ. ಮರ ಕಾಣುತ್ತಿದ್ದವರು ಬೇಗ ಮನೆಗೆ ಹೋದರು, ತೀವ್ರ ನೋವುನಿವಾರಕಗಳೂ ಅವರಿಗೆ ಕಡಿಮೆ ಸಾಕಾದವು. ಅವರ್‍ಯಾರೂ ಎಲೆ ಕಿತ್ತು ಕಷಾಯ ಮಾಡಿರಲಿಲ್ಲ. ಹಾಗಾಗಿ ನಿಮ್ಮ ಹವೆಗೆ ಒಗ್ಗಿದ ಎಂಟು ಹತ್ತು ಬಗೆ ಸಾಕು, ಒಂದೊಂದನ್ನೂ ಗುಂಪಾಗಿ ನೆಡಿ. ಒಂದೇ ಬಗೆಯ ಗುಂಪಿನಲ್ಲಿ ಕಳೆ ಯಾವುದು, ಗಿಡ ಯಾವುದು ಎಂದು ಹೊಸಬರಿಗೂ ತಿಳಿಯುತ್ತದೆ. ಕಣಗಿಲೆ, ಎಕ್ಕ, ದತ್ತೂರಿ ವಿಷದ ಗಿಡಗಳು, ಬೇಡ. ಗಾಢ ಪರಿಮಳದ ಹೂಬಳ್ಳಿಯನ್ನು ಕೂರುವ ಜಾಗದಿಂದ ದೂರವಿಡಿ. ಕೀಮೋಥೆರಪಿ ಪಡೆಯುತ್ತಿರುವವರಿಗೆ ಅದೇ ವಾಕರಿಕೆ ತರಬಹುದು. ಮುಟ್ಟಿ ಉಜ್ಜಿದರೆ ಮಾತ್ರ ಘಮ ಬಿಡುವ ತುಳಸಿ, ನಿಂಬೆಹುಲ್ಲಿನಂಥವು ವಾಸಿ.

ಕೆಲಸ ಶುರುಮಾಡುವ ಮುಂಚೆ ಒಂದಡಿ ಆಳ, ಒಂದಡಿ ಅಗಲದ ಗುಂಡಿ ತೋಡಿ ನೀರು ತುಂಬಿ. ಅದು ಇಂಗಿದ ಮೇಲೆ ಮತ್ತೆ ತುಂಬಿ, ಗಂಟೆಗೆ ಎಷ್ಟು ಇಳಿಯುತ್ತದೆ ನೋಡಿ. ಒಂದು ಇಂಚಿಗಿಂತ ಕಡಿಮೆಯಾದರೆ ಅಲ್ಲಿ ಬೇರು ಕೊಳೆಯುತ್ತದೆ, ಪಾತಿಯನ್ನು ಏರಿಸಲೇಬೇಕು. ಆಮೇಲೆ ಕಳೆ. ಗರಿಕೆ, ಜೇಕು ಇದ್ದರೆ ಗಿಡ ನೆಡಲು ಅವಸರ ಮಾಡಬೇಡಿ. ಜೇಕಿನ ಗೆಡ್ಡೆ ಮಣ್ಣಿನಲ್ಲಿ ಉಳಿದರೆ ಮೊಳಕೆ ರಟ್ಟು, ಪ್ಲಾಸ್ಟಿಕ್ ಎಲ್ಲವನ್ನೂ ಚುಚ್ಚಿಕೊಂಡು ಬರುತ್ತದೆ. ಅಗೆದು, ಆರಿಸಿ, ಚಿಗುರಲು ಬಿಟ್ಟು, ಮತ್ತೆ ಅಗೆಯಿರಿ. ಈ ಒಂದು ಋತುವನ್ನು ಉಳಿಸಲು ಹೋದವರು ಮುಂದೆ ವರ್ಷಗಟ್ಟಲೆ ಕಳೆ ಕೀಳುತ್ತಾರೆ.

ನೆಟ್ಟ ಮೇಲೆ ಟೇಪು ಕಿತ್ತ ರಟ್ಟನ್ನು ಅರ್ಧ ಅಡಿ ಒಂದರ ಮೇಲೊಂದು ಬರುವಂತೆ ಹಾಸಿ, ನೆನೆಸಿ, ಮೇಲೆ 3 ಇಂಚು ಒಣ ಎಲೆ ಅಥವಾ ಮರದ ಚೂರಿನ ಹೊದಿಕೆ ಹಾಕಿ. 1500 ಚದರಡಿ ಪಾತಿಗೆ 375 ಘನ ಅಡಿ ಬೇಕು. ಗಿಡದ ಕಾಂಡದಿಂದ ಒಂದು ಗೇಣು ಬಿಡಿ, ತಾಗಿದರೆ ತೊಗಟೆ ಕೊಳೆಯುತ್ತದೆ. ಹೊದಿಕೆಯ ಕೆಳಗೆ ಕಳೆ ತಡೆಯುವ ಪ್ಲಾಸ್ಟಿಕ್ ಬಟ್ಟೆ ಹಾಸಬೇಡಿ. ಎರಡು ಮೂರು ವರ್ಷದಲ್ಲಿ ಅದರ ಮೇಲೆ ಧೂಳು, ಕೊಳೆತ ಎಲೆ ಸೇರಿ ಕಳೆ ಅಲ್ಲೇ ಬೇರೂರುತ್ತದೆ, ಕೀಳಲು ಹೋದರೆ ಬಟ್ಟೆಯೂ ಎದ್ದು ಬರುತ್ತದೆ.

ಗಿಡಗಳ ಅಂತರವನ್ನು ಪೂರ್ತಿ ಬೆಳೆದಾಗಿನ ಅಗಲ ನೋಡಿ ನಿರ್ಧರಿಸಿ. ಮೊದಲ ವರ್ಷ ಬೋಳು ಕಾಣುತ್ತದೆ, ಕಾಣಲಿ. ಸಂದು ತುಂಬಲು ಹೆಚ್ಚಿಗೆ ನೆಟ್ಟರೆ ಮುಂದೆ ಕತ್ತರಿ ಕೆಳಗಿಡಲಾಗದು. ನೀರಿಗೆ ಡ್ರಿಪ್ ಇರಲಿ. ಪ್ರತಿ ಪೈಪಿನ ಕೊನೆಯನ್ನು ಹೊದಿಕೆಯಿಂದ ಮೇಲೆ ತಂದು ಮುಚ್ಚಳ ಹಾಕಿ. ತಿಂಗಳಿಗೊಮ್ಮೆ ಅದನ್ನು ತೆಗೆದು ಕೆಸರು ಹರಿಸದಿದ್ದರೆ ರಂಧ್ರಗಳು ಕಟ್ಟುತ್ತವೆ, ಗಿಡ ಬಾಡುವವರೆಗೆ ಗೊತ್ತೇ ಆಗುವುದಿಲ್ಲ.

ಹಾದಿ 5 ಅಡಿ ಅಗಲವಿದ್ದರೆ ಗಾಲಿಕುರ್ಚಿ ತಿರುಗುತ್ತದೆ. ಏರು 20 ಅಡಿಗೆ ಒಂದಡಿ ಮೀರಬಾರದು. ನುಣುಪಾದ ಗುಂಡುಕಲ್ಲು ಕಣ್ಣಿಗೆ ಚೆಂದ, ಆದರೆ ಒಂದಕ್ಕೊಂದು ಕಚ್ಚಿಕೊಳ್ಳದೆ ಗಾಲಿಯೂ ಊರುಗೋಲೂ ಹೂತುಹೋಗುತ್ತವೆ. ಚೂಪು ಅಂಚಿನ ಸಣ್ಣ ಜಲ್ಲಿಯನ್ನು ಕಲ್ಲುಪುಡಿಯೊಂದಿಗೆ ಬೆರೆಸಿ, ನೀರು ಹಾಕಿ, ಎರಡು ಪದರದಲ್ಲಿ ದಮ್ಮಸ್ಸು ಮಾಡಿ, ಒಟ್ಟು 4 ಇಂಚು. ಕೈಯಾಡಿಸಿ ಮಣ್ಣಿನ ಕೆಲಸ ಮಾಡಬೇಕೆನ್ನುವ ರೋಗಿಗಳಿಗೆ ಎರಡು ಎರಡೂವರೆ ಅಡಿ ಎತ್ತರದ ಒಂದು ಕಟ್ಟೆಪಾತಿ ಇರಲಿ. ಒಂದೇ ಕಡೆಯಿಂದ ಕೈ ಚಾಚುವಂತಿದ್ದರೆ ಅಗಲ 2 ಅಡಿ, ಎರಡೂ ಕಡೆಯಿಂದಾದರೆ 4 ಅಡಿ.

ಬೆಂಚು ಒಂದೂವರೆ ಅಡಿ ಎತ್ತರ, ಬೆನ್ನು ಮತ್ತು ಕೈ ಆಸರೆ ಇರಲೇಬೇಕು. ಶಸ್ತ್ರಚಿಕಿತ್ಸೆಯಾದವರು ಎದ್ದೇಳುವುದು ಕೈ ಊರಿಕೊಂಡೇ. ಬೆಂಚಿನ ಹಿಂದೆ ಗೋಡೆಯೋ ದಟ್ಟ ಪೊದೆಯೋ ಇದ್ದು, ಮುಂದೆ ಬಾಗಿಲು ಕಾಣುತ್ತಿದ್ದರೆ ಕಣ್ಣು ಮುಚ್ಚಿ ಕೂರಲು ಧೈರ್ಯ ಬರುತ್ತದೆ. ಏಕಾಂತಕ್ಕೆಂದು ಸುತ್ತಲೂ ಆಳೆತ್ತರದ ಬೇಲಿ ಬೆಳೆಸಿದರೆ ಒಂಟಿ ಹೆಂಗಸರು ಒಳಗೆ ಬರುವುದನ್ನೇ ಬಿಡುತ್ತಾರೆ. ಉಳಿದ ಮೂರು ಬದಿಯಲ್ಲಿ ಸೊಂಟದೆತ್ತರ ಸಾಕು.

ಅರ್ಧ ಜಾಗದಿಂದ ಶುರುಮಾಡಿ. ಉಳಿದರ್ಧಕ್ಕೆ ರಟ್ಟು, ಹೊದಿಕೆ ಮುಚ್ಚಿಡಿ. ಮೊದಲರ್ಧಕ್ಕೆ ತಿಂಗಳಿಗೆ ಎಷ್ಟು ಗಂಟೆ ಹಿಡಿಯಿತೆಂದು ಗೇಟಿನ ಬಳಿಯ ಪುಸ್ತಕದಲ್ಲಿ ಬರೆಯುತ್ತಾ ಬನ್ನಿ. ಮುಂದಿನ ಭಾಗ ನೆಡಬೇಕೋ ಬೇಡವೋ ಎಂಬ ಚರ್ಚೆಯನ್ನು ಆ ಅಂಕಿ ನೋಡಿಕೊಂಡೇ ಮಾಡಿ.

— ಸಂಪಾದಕರು