ಉಳ್ಳವರಿಂದ ತಗೊಂಡು ಇಲ್ಲದವರಿಗೆ ಕೊಡೋದು ಸರ್ಕಾರದ ಕೆಲಸನಾ?

ಎಕನಾಮಿಸ್ಟ್‌ಗಳಲ್ಲೇ ಒಮ್ಮತ ಇಲ್ಲದ ವಿಷಯದಲ್ಲಿ ಸರ್ಕಾರ ಯಾಕೆ ಕೈ ಹಾಕ್ಬೇಕು, ದುಡಿದವರ ದುಡ್ಡು ಯಾಕೆ ಹಂಚ್ಬೇಕು ಅಂತ ಕೇಳಿದೀರಿ. ಆದ್ರೆ 2013ರಲ್ಲಿ ಅಮರ್ತ್ಯ ಸೇನ್, ಜಗದೀಶ್ ಭಗವತಿ ಅನ್ನೋ ಇಬ್ರು ದೊಡ್ಡ ಎಕನಾಮಿಸ್ಟ್‌ಗಳ ನಡುವೆ ನಡೆದ ಜಗಳ ನೋಡಿ, ಕೊಡ್ಲೇಬಾರ್ದು ಅಂತ ಇಬ್ರೂ ಹೇಳಿಲ್ಲ. ಮೊದ್ಲು ದೇಶ ಬೆಳೀಲಿ, ತೆರಿಗೆ ಬರ್ಲಿ, ಆ ದುಡ್ಡಲ್ಲಿ ಬಡವರಿಗೆ ಮಾಡೋಣ ಅಂತ ಭಗವತಿ. ಹೊಟ್ಟೆಗೆ ಅನ್ನ, ಮಕ್ಕಳಿಗೆ ಶಾಲೆ ಇಲ್ದೆ ದೇಶ ಬೆಳೆಯೋದಾದ್ರೂ ಹೇಗೆ ಅಂತ ಸೇನ್. ಯಾವ್ದು ಮೊದ್ಲು ಅನ್ನೋದೇ ತಕರಾರು.

ನಂಗೆ ಇದು ಪುಸ್ತಕದ ವಿಷಯ ಅಲ್ಲ. ನಮ್ಮಜ್ಜ ದಕ್ಷಿಣ ಕನ್ನಡದಲ್ಲಿ ಗೇಣಿ ಒಕ್ಕಲು, ಅಂದ್ರೆ ಧಣಿಯ ಜಾಗದಲ್ಲಿ ಬೇಸಾಯ ಮಾಡಿ ಬಾಡಿಗೆಯಾಗಿ ಅಕ್ಕಿ ಕೊಡೋರು. ಮಳೆ ಕೈಕೊಟ್ರೂ ಧಣಿ ಮನೆಗೆ ಮುಡಿ ಅಕ್ಕಿ ಹೋಗ್ಲೇಬೇಕು, ಬೈಹುಲ್ಲಲ್ಲಿ ಬಿಗಿದು ಕಟ್ಟಿದ ಆ ಮುಡಿಗಳನ್ನ ತಲೆ ಮೇಲೆ ಹೊತ್ಕೊಂಡು ಹೋಗಿ ಇಳಿಸಿ ಬಂದ್ಮೇಲೆ ಮನೇಲಿ ಉಳೀತಿದ್ದದ್ದು ಗಂಜಿಗೂ ಸಾಲ್ತಿರ್ಲಿಲ್ಲ ಅಂತ ಅಜ್ಜಿ ಹೇಳ್ತಿದ್ರು. 1974ರಲ್ಲಿ ದೇವರಾಜ ಅರಸು ಸರ್ಕಾರ ಉಳುವವನೇ ಹೊಲದೊಡೆಯ ಅಂತ ಭೂಸುಧಾರಣೆ ಕಾಯ್ದೆಗೆ ತಿದ್ದುಪಡಿ ತಂತು, ಈ ಜಾಗ ಉಳೋದು ನಾನೇ, ನಂಗೇ ಕೊಡಿ ಅಂತ ಅಜ್ಜ ಹೆದರ್ಕೊಂಡೇ ಡಿಕ್ಲರೇಷನ್ ಅರ್ಜಿ ಹಾಕಿದ್ರು, ಧಣಿ ಮುಖ ನೋಡೋದು ಹೇಗೆ ಅಂತ ಹಾಕದೇ ಉಳಿದವರೂ ಊರಲ್ಲಿ ಇದ್ರು. ಆ ಅರ್ಜಿಗಳನ್ನ ತೀರ್ಮಾನ ಮಾಡೋ ಟ್ರಿಬ್ಯೂನಲ್‌ನಲ್ಲಿ ಜಾಗ ನಮ್ಮದಾಯ್ತು. ಅಜ್ಜ ಮಾಡಿದ ಮೊದಲ ಕೆಲ್ಸ ಬಾವಿ ತೋಡಿಸಿದ್ದು, ಆಮೇಲೆ ಅಡಿಕೆ ಸಸಿ ಇಟ್ಟಿದ್ದು. ಅದಕ್ಕೆ ಮುಂಚೆ ಯಾಕೆ ಇಡ್ಲಿಲ್ಲ ಅಂದ್ರೆ, ಅಡಿಕೆ ಫಸಲಿಗೆ ಬರೋಕೆ ಐದಾರು ವರ್ಷ ಬೇಕು, ಅಷ್ಟೊತ್ತಿಗೆ ಧಣಿ ಏಳು ಅಂದ್ರೆ? ಹಂಚಿದ್ದಕ್ಕೇ ಅಲ್ಲಿ ಬೆಳವಣಿಗೆ ಆಗಿದ್ದು.

ಎಲ್ಲರಿಗೂ ನ್ಯಾಯ ಸಿಕ್ತು ಅನ್ನಲ್ಲ. ಅರ್ಧ ಎಕರೆ ಗೇಣಿಗೆ ಕೊಟ್ಟು ಬದುಕ್ತಿದ್ದ ವಿಧವೆಯರೂ ಜಾಗ ಕಳ್ಕೊಂಡ್ರು, ಗೇಣಿಯೂ ಇಲ್ದೆ ಬರೀ ಕೂಲಿ ಮಾಡ್ತಿದ್ದವರಿಗೆ, ಅದ್ರಲ್ಲೂ ದಲಿತರಿಗೆ, ಆ ಕಾನೂನಿಂದ ಹೆಚ್ಚೇನೂ ಸಿಗ್ಲಿಲ್ಲ.

ಇನ್ನು ದುಡಿದವರ ದುಡ್ಡು ಅನ್ನೋ ಮಾತು. ಸೋಪು ತಗೊಂಡ್ರೆ ಕೂಲಿಯವಳೂ ಜಿಎಸ್‌ಟಿ ಕಟ್ತಾಳೆ. ಸತ್ತವರ ಆಸ್ತಿ ಮೇಲಿದ್ದ ಎಸ್ಟೇಟ್ ಡ್ಯೂಟಿನ 1985ರಲ್ಲೇ ತೆಗೆದ್ರು, ಶ್ರೀಮಂತರ ಸಂಪತ್ತಿನ ಮೇಲಿದ್ದ ವೆಲ್ತ್ ಟ್ಯಾಕ್ಸ್ 2015ರ ಬಜೆಟ್‌ನಲ್ಲಿ ಹೋಯ್ತು. ಅದನ್ನ ಯಾರೂ ಬಿಟ್ಟಿ ಅನ್ಲಿಲ್ಲ!

ನಮ್ಮ ತೋಟಕ್ಕೆ ಕೆಲಸಕ್ಕೆ ಬರ್ತಿದ್ದ ಮನೆಯವರಿಗೆ ಈಗ ರೇಷನ್ ಅಕ್ಕಿ, ಗೃಹಲಕ್ಷ್ಮಿಯ 2000 ರೂಪಾಯಿ ಬರುತ್ತೆ. ಅದನ್ನ ಬಿಟ್ಟಿಭಾಗ್ಯ ಅನ್ನೋಕೆ ನಂಗಂತೂ ಬಾಯಿ ಬರಲ್ಲ, ನಮ್ಮನೆ ಪಹಣಿಲಿ ಅಜ್ಜನ ಹೆಸ್ರು ಬಂದಿದ್ದೂ ಸರ್ಕಾರ ಒಂದು ಕಾನೂನು ಮಾಡಿದ್ದಕ್ಕೇ.