ರಿಟೈರ್ಮೆಂಟ್ ದುಡ್ಡಿನ ಲೆಕ್ಕ ಮನೆಯವ್ರು ಹೇಳ್ತಾನೇ ಇಲ್ಲ, ಎಂತ ಮಾಡ್ಲಿ?

ಪ್ರಶ್ನೆ: ಮೇಡಂ, ನಮ್ದು ತೀರ್ಥಹಳ್ಳಿ ಹತ್ರ ಒಂದು ಹಳ್ಳಿ. ನಮ್ಮನೆಯವ್ರು ಸರ್ಕಾರಿ ನೌಕರಿಲಿದಾರೆ, ಮುಂದಿನ ವರ್ಷ ರಿಟೈರ್ಡ್ ಆಗ್ತಾರೆ. ಸಂಬಳ ಎಷ್ಟು ಅಂತ ಇವತ್ತಿಗೂ ನಂಗೆ ಗೊತ್ತಿಲ್ಲ, ಕೇಳಿದ್ರೆ ನಿಂಗೆ ಊಟಕ್ಕೆಂತ ಕಮ್ಮಿಯಾಗಿದೆ ಅಂತಾರೆ. ಈಗ ಅವ್ರಿವ್ರ ಬಾಯಲ್ಲಿ ಕೇಳ್ತಿದೀನಿ, ಶಿವಮೊಗ್ಗದಲ್ಲಿ ಸೈಟ್ ಇದೆಯಂತೆ, ಮೈದುನನ ಹೆಸ್ರಲ್ಲಿ ಅಡಿಕೆ ತೋಟನೂ ತಗೊಂಡಿದಾರಂತೆ. ಬರೋ ಗಂಟೂ ಹಂಗೇ ಹೋಗುತ್ತೆ ಅಂತ ಭಯ. ಡೈವೋರ್ಸ್ ಎಲ್ಲ ಬೇಡ.
- ಹೆಸರು ಬೇಡ, ತೀರ್ಥಹಳ್ಳಿ ತಾಲೂಕು

ಉತ್ತರ: ಕಹಿ ವಿಷ್ಯ ಮೊದ್ಲೇ ಹೇಳ್ಬಿಡ್ತೀನಿ. ಗಂಡ ದುಡಿದಿದ್ರಲ್ಲಿ ಹೆಂಡ್ತಿಗೆ ಅರ್ಧ ಅಂತ ನಮ್ಮ ಕಾನೂನಲ್ಲಿ ಎಲ್ಲೂ ಇಲ್ಲ, ಸ್ವಯಾರ್ಜಿತ ಆಸ್ತಿನ ಅವ್ರು ಯಾರಿಗೆ ಬೇಕಾದ್ರೂ ಮಾರಬಹುದು, ವಿಲ್ ಬರೀಬಹುದು. ಆದ್ರೆ ಪೆನ್ಶನ್ ಹಂಗಲ್ಲ. 2006ರ ಏಪ್ರಿಲ್ 1ಕ್ಕಿಂತ ಮುಂಚೆ ಕೆಲ್ಸಕ್ಕೆ ಸೇರಿ ಹಳೇ ಪೆನ್ಶನ್ನಲ್ಲಿದ್ರೆ, ಅವ್ರ ನಂತರ ಫ್ಯಾಮಿಲಿ ಪೆನ್ಶನ್ ಬರೋದು ನಿಮಗೇ, ವಿಲ್ ಬರೆದು ತಮ್ಮಂಗೆ ಕೊಡ್ತೀನಿ ಅಂದ್ರೆ ಆಗಲ್ಲ. ಪೆನ್ಶನ್ ಪೇಪರಿಗೆ ಇಬ್ರೂ ಕೂತ ಜಾಯಿಂಟ್ ಫೋಟೊ ಬೇಕಾಗುತ್ತೆ, ಫೋಟೊಗೆ ಕರೆದಾಗ ಅರ್ಜಿಲಿ ನಿಮ್ಮ ಹೆಸ್ರು, ಹುಟ್ಟಿದ ತಾರೀಖು ಸರಿಯಾಗಿದ್ಯಾ ನೋಡ್ಕೊಳ್ಳಿ, ನೋಡೋಕೆ ಕೇಳೋದು ಜಗಳ ಅಲ್ಲ. ಕೈಬಿಟ್ಟು ಹೋಗೋದು ಗಂಟು: ಗ್ರಾಚುಟಿ, ಜಿಪಿಎಫ್ (ಸಂಬಳದಲ್ಲಿ ಹಿಡಿದಿಟ್ಟ ಭವಿಷ್ಯನಿಧಿ), ಕೆಜಿಐಡಿ (ಸರ್ಕಾರಿ ನೌಕರ್ರ ವಿಮೆ), ಕಮ್ಯುಟೇಶನ್ (ಪೆನ್ಶನ್ನಿನ ಒಂದು ಭಾಗ ಮುಂಚೇನೇ ಒಟ್ಟಿಗೆ ತಗೊಳ್ಳೋದು), ರಜೆ ದುಡ್ಡು. ಅದೆಲ್ಲ ಅವ್ರ ಅಕೌಂಟಿಗೇ ಬೀಳುತ್ತೆ, ಹಂಗಾಗಿ ನೀವು ಮಾಡೋದೆಲ್ಲ ರಿಟೈರ್ಮೆಂಟಿಗೆ ಮುಂಚೇನೇ ಮಾಡ್ಬೇಕು.

ಅವ್ರ ಮೊಬೈಲ್ ಕೆದಕೋದು, ಪಾಸ್‌ವರ್ಡ್ ಕದಿಯೋದು ಬೇಡ, ಅದು ನಿಮಗೇ ತಿರುಗುತ್ತೆ. ತೋಟದ ಸರ್ವೆ ನಂಬರ್ ಗೊತ್ತಿದ್ರೆ ಪಹಣಿ ಭೂಮಿ ವೆಬ್‌ಸೈಟಲ್ಲಿ ಯಾರು ಬೇಕಾದ್ರೂ ನೋಡಬಹುದು, ಯಾರ ಹೆಸ್ರಿಗಿದೆ, ಸಾಲ ಇದ್ಯಾ ಎಲ್ಲ ಅದ್ರಲ್ಲೇ ಸಿಗುತ್ತೆ. ಸೈಟಿಗೆ ಇಸಿ (ಆ ಆಸ್ತಿ ಮೇಲೆ ನೋಂದಣಿ ಆದ ವ್ಯವಹಾರ ಎಲ್ಲ ಇರೋ ಋಣಭಾರ ಪತ್ರ) ತೆಗೆಸಿ, 2004ರಿಂದ ಈಚಿನದು ನೋಂದಣಿ ಇಲಾಖೆಯ ಕಾವೇರಿ ವೆಬ್‌ಸೈಟಲ್ಲಿ ಆನ್‌ಲೈನೇ ಸಿಗುತ್ತೆ. ಇನ್ನೊಂದು ವಿಷ್ಯ ತುಂಬ ಜನಕ್ಕೆ ಗೊತ್ತಿಲ್ಲ, ಸರ್ಕಾರಿ ನೌಕರ್ರು ವರ್ಷಾವರ್ಷ ಆಸ್ತಿ ಸಾಲದ ವಿವರ ಇಲಾಖೆಗೆ ಕೊಡ್ಲೇಬೇಕು, ಕೇಸು ಅಂತ ಆದ್ರೆ ಅದನ್ನ ತರಿಸಿ ಅಂತ ಕೋರ್ಟಿಗೆ ಕೇಳ್ಕೋಬಹುದು. ಮೈದುನನ ಹೆಸ್ರಿನ ತೋಟ ಮಾತ್ರ ಕಷ್ಟ, ದುಡ್ಡು ಯಾರ ಅಕೌಂಟಿಂದ ಹೋಯ್ತು ಅಂತ ತೋರಿಸ್ದೆ ಅದು ನಿಮ್ಮನೆಯವ್ರದ್ದೇ ಅನ್ನೋ ವಾದ ನಿಲ್ಲಲ್ಲ, ಸುಳ್ಳು ಆಸೆ ಇಟ್ಕೋಬೇಡಿ.

ಸಹಿ ವಿಷ್ಯದಲ್ಲಿ ಗಟ್ಟಿಯಾಗಿರಿ. ಸೊಸೈಟಿ ಸಾಲಕ್ಕೆ ಜಾಮೀನು ಹಾಕು, ಇಲ್ಲೊಂದು ಸೈನ್ ಮಾಡು ಅಂತ ಒಲೆ ಮುಂದೆ ನಿಂತು ಕೇಳ್ತಾರಲ್ಲ, ಆಗ ಓದ್ದೆ ಮಾಡ್ಬೇಡಿ. ಜಾಮೀನುದಾರ್ರ ಮೇಲೂ ವಸೂಲಿ ಬರುತ್ತೆ. ತವರಿನ ಆಸ್ತಿಗೆ ಹಕ್ಕು ಬಿಡುಗಡೆ ಬರ್ಕೊಡು ಅಂದ್ರಂತೂ ಬೇಡವೇ ಬೇಡ, 2005ರ ತಿದ್ದುಪಡಿ ಆದ್ಮೇಲೆ ಪಿತ್ರಾರ್ಜಿತದಲ್ಲಿ ಹೆಣ್ಮಕ್ಕಳಿಗೂ ಗಂಡು ಮಕ್ಕಳಷ್ಟೇ ಪಾಲಿದೆ, ಭಾಗ ಆದಾಗ ಬರೋದು ನಿಮ್ದೇ ಸ್ವಂತ. ಚಿನ್ನದ ಬಿಲ್ಲು, ಫೋಟೊ ಬೇರೆ ಕಡೆ ಇಡಿ. ನಿಮ್ಮೊಬ್ರ ಹೆಸ್ರಲ್ಲೇ ಒಂದು ಖಾತೆ ಮಾಡಿ, ಹಾಲಿನ ದುಡ್ಡೋ ಸಂಘದ ದುಡ್ಡೋ ಅದಕ್ಕೇ ಬರ್ಲಿ.

ಮಾತಿಗೆ ಬಗ್ಗದಿದ್ರೆ 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ ಇದೆ. ಹೊಡೀಲೇಬೇಕು ಅಂತಿಲ್ಲ, ಖರ್ಚಿಗೆ ಕೊಡ್ದೆ ಇರೋದೂ ಅದ್ರಲ್ಲಿ ಆರ್ಥಿಕ ದೌರ್ಜನ್ಯವೇ, ಒಂದೇ ಮನೇಲಿದ್ದೇ, ಡೈವೋರ್ಸ್ ಇಲ್ದೆನೇ ಅರ್ಜಿ ಹಾಕ್ಬಹುದು. ಆಸ್ತಿ ಮಾರಬೇಡ, ಲಾಕರ್ ಮುಟ್ಟಬೇಡ ಅಂತ ಮ್ಯಾಜಿಸ್ಟ್ರೇಟು ತಡೆ ಹಾಕೋಕೆ ಅವಕಾಶ ಇದೆ. ತಾಲೂಕಿನ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಆಫೀಸಲ್ಲಿ ಕೇಳಿ. ಜೀವನಾಂಶ ಕೇಳಿದ್ರೆ, ಸುಪ್ರೀಂ ಕೋರ್ಟು 2020ರಲ್ಲಿ ರಜನೇಶ್ ಕೇಸಲ್ಲಿ ಹೇಳಿದ ಹಾಗೆ ಇಬ್ರೂ ಆದಾಯ ಆಸ್ತಿನ ಅಫಿಡವಿಟ್ಟಲ್ಲಿ ಬರ್ಕೊಡ್ಬೇಕು, ಅಲ್ಲಿ ಮುಚ್ಚಿಟ್ರೆ ಕೋರ್ಟಿಗೇ ಸುಳ್ಳು ಹೇಳಿದ ಹಾಗೆ. ವಕೀಲ್ರ ಫೀಸಿಗೆ ಹೆದರ್ಬೇಡಿ, ಹೆಂಗಸ್ರಿಗೆ ಆದಾಯ ಎಷ್ಟೇ ಇರ್ಲಿ ಕಾನೂನು ನೆರವು ಫ್ರೀ, 15100ಕ್ಕೆ ಫೋನ್ ಮಾಡಿ, ಇಲ್ಲ ಶಿವಮೊಗ್ಗಕ್ಕೆ ಬಂದಾಗ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ವಿಚಾರಿಸಿ. ಹೋಗೋವಾಗ ಪಹಣಿ, ಇಸಿ ತಗೊಂಡೇ ಹೋಗಿ.