18,000 ರೂಪಾಯಿಯ ಪ್ರೋಟೀನ್ ಪುಡಿಯ ಬಗ್ಗೆ
ಮುಂಬಯಿ ಬಳಿಯ ಡೊಂಬಿವಲಿಯಲ್ಲಿರುವ ನಿಮ್ಮ ಊರಿನವರೊಬ್ಬರು 18,000 ರೂಪಾಯಿಯ ಪ್ರೋಟೀನ್ ಪುಡಿ ಕೊಂಡು ಆರು ಮಂದಿಯನ್ನು ಸೇರಿಸಲು ಹೇಳುತ್ತಿದ್ದಾರೆ, ಸೇರಬಹುದೇ ಎಂದು ಕೇಳಿದ್ದೀರಿ. ನಾನಾದರೆ ಸೇರುವುದಿಲ್ಲ.

ಆರರ ಮಗ್ಗಿಯನ್ನೇ ಸ್ವಲ್ಪ ಮುಂದುವರಿಸಿ. ಪ್ರತಿಯೊಬ್ಬರೂ ಆರು ಮಂದಿಯನ್ನು ತಂದರೆ ಒಂಬತ್ತನೆಯ ಹಂತದಲ್ಲೇ ಒಂದು ಕೋಟಿ ದಾಟುತ್ತದೆ. 2011ರ ಜನಗಣತಿಯಲ್ಲಿ ಬೃಹನ್ಮುಂಬಯಿಯ ಒಟ್ಟು ಜನಸಂಖ್ಯೆ ಸುಮಾರು 1.24 ಕೋಟಿ, ತೊಟ್ಟಿಲ ಕೂಸುಗಳೂ ಸೇರಿ! ಮತ್ತೆ ಕೊಳ್ಳುವವರು ಯಾರು?

2021ರ ನೇರ ಮಾರಾಟ ನಿಯಮಗಳ ಪ್ರಕಾರ ಪಿರಮಿಡ್ ಯೋಜನೆ, ಅಂದರೆ ಹೊಸಬರನ್ನು ಸೇರಿಸಿದ್ದಕ್ಕೇ ಲಾಭ ಸಿಗುವ ಸರಪಳಿ, ನಿಷಿದ್ಧ; ಸೇರ್ಪಡೆಗೆ ಶುಲ್ಕ ಪಡೆಯುವಂತಿಲ್ಲ. 'ಇದು ಶುಲ್ಕವಲ್ಲ, ಸಾಮಾನಿನ ಬೆಲೆ' ಎಂದು ಅವರು ಹೇಳಿಯೇ ಹೇಳುತ್ತಾರೆ. ಹಾಗಾದರೆ ಮಾರಾಟವಾಗದ ಡಬ್ಬಿಯನ್ನು ಎಷ್ಟು ದಿನದೊಳಗೆ, ಯಾವ ಬೆಲೆಗೆ ಹಿಂಪಡೆಯುತ್ತೀರಿ ಎಂದು ಬರಹದಲ್ಲಿ ಕೇಳಿ. ಕಳೆದ ವರ್ಷ ಸೇರಿದವರ ಕೈಗೆ ಖರ್ಚು ಕಳೆದು ಎಷ್ಟು ಉಳಿಯಿತು ಎಂದೂ ಕೇಳಿ; ಅವರ ಸಭೆಯ ವೇದಿಕೆಯಲ್ಲಿ ತೋರಿಸುವ ಕಾರಿನ ಫೋಟೋ ಇದಕ್ಕೆ ಉತ್ತರವಲ್ಲ.

ಡಬ್ಬಿಯ ಮೇಲೆ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ 14 ಅಂಕಿಗಳ ಪರವಾನಗಿ ಸಂಖ್ಯೆ ಇದೆಯೇ ನೋಡಿ. ಇದ್ದರೂ ಅದು ಔಷಧವಾಗುವುದಿಲ್ಲ. ಮಧುಮೇಹ ವಾಸಿಯಾಗುತ್ತದೆ ಎಂದರೆ ಅಲ್ಲಿಂದ ಎದ್ದು ಬನ್ನಿ.

ನಾನೂ ಪುಣೆಯಲ್ಲಿ ಒಮ್ಮೆ ಸಂಕೋಚಕ್ಕೆ ಕಟ್ಟುಬಿದ್ದು ನಾಲ್ಕು ಡಬ್ಬಿ ಕೊಂಡಿದ್ದೆ. ಈಗ ಅವುಗಳಲ್ಲಿ ರಾಗಿಹಿಟ್ಟು ತುಂಬಿಟ್ಟಿದ್ದೇವೆ.